ಶಾಕ್ಸ್ ಬದಲಿಸುವ ಮುಂಚೆ: ಹಳೇ ಫ್ರಂಟ್ ವೀಲ್ ಡ್ರೈವ್ ಕಾರಿನ ಸಸ್ಪೆನ್ಷನ್ ದೋಷ ಹುಡುಕುವುದು

ನನ್ನ ಹಳೇ ಕಾರಿನ ಮುಂಭಾಗದಲ್ಲಿ ಒಮ್ಮೆ ಟಕ್ ಟಕ್ ಶುರುವಾಯಿತು. ಸಣ್ಣ ಗುಂಡಿಗೆ ಇಳಿದರೂ ಟಕ್, ಹಂಪ್ ಹತ್ತಿದರೂ ಟಕ್. ಕಿವಿಗೊಟ್ಟರೆ ಶಾಕ್ ಅಬ್ಸಾರ್ಬರ್ ಒಳಗಿಂದಲೇ ಬಂದ ಹಾಗಿತ್ತು. ಗ್ಯಾರೇಜಿನಲ್ಲೂ ಹಾಗೇ ಅಂದರು. ಮುಂದಿನ ಎರಡೂ ಶಾಕ್ಸ್ ಹೊಸದು ಹಾಕಿಸಿ, ಬಿಲ್ ಕಟ್ಟಿ, ಖುಷಿಯಾಗಿ ಹೊರಟೆ. ಮೊದಲ ಹಂಪ್ ಬಂತು. ಟಕ್! ವಾರ ಕಳೆದು ನಾನೇ ಬಗ್ಗಿ ಕೈ ಹಾಕಿದಾಗ ಸಿಕ್ಕಿದ್ದು ಗೇಣುದ್ದದ ಒಂದು ಲಿಂಕ್ ರಾಡ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ಟೆಬಿಲೈಜರ್ ಬಾರನ್ನು ಸಸ್ಪೆನ್ಷನ್‌ಗೆ ಜೋಡಿಸುವ ಕಡ್ಡಿ). ಅದರ ಮೇಲಿನ ತುದಿ ಸಡಿಲವಾದ ಹಲ್ಲಿನ ಹಾಗೆ ಬೆರಳಿಗೇ ಅಲ್ಲಾಡುತ್ತಿತ್ತು.

ಎಡವಿದ್ದು ಎಲ್ಲಿ ಅಂದರೆ, ಶಬ್ದ ಎಲ್ಲಿಂದ ಬರುತ್ತಿದೆ ಅಂತ ಮಾತ್ರ ನೋಡಿದ್ದೆವು. ಕಾರಿನ ಬಾಡಿ ಅಂದರೆ ಪೂರಾ ತಗಡು. ಒಂದು ಮೂಲೆಯ ಸದ್ದನ್ನು ಇನ್ನೊಂದು ಮೂಲೆಗೆ ಸಲೀಸಾಗಿ ಸಾಗಿಸುತ್ತದೆ. ಜಾಗದ ವಿಷಯದಲ್ಲಿ ಕಿವಿ ಮೋಸ ಹೋಗುತ್ತದೆ. ಆದರೆ ಸದ್ದು ಯಾವಾಗ ಬರುತ್ತದೆ ಅನ್ನೋದರಲ್ಲಿ ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ. ಬ್ರೇಕ್ ಒತ್ತಿದಾಗಲೋ, ಬಿಟ್ಟಾಗಲೋ? ತಿರುಗಿಸುವಾಗ ಮಾತ್ರವೋ? ಆಕ್ಸಿಲರೇಟರ್ ಒತ್ತಿದರೆ ಜಾಸ್ತಿಯಾಗುತ್ತದೋ? ಎಷ್ಟು ವೇಗದಲ್ಲಿ? ಎರಡು ದಿನ ಇದನ್ನು ಗಮನಿಸಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅರ್ಧ ಪತ್ತೆ ಕೆಲಸ ಅಲ್ಲೇ ಮುಗಿಯುತ್ತದೆ.

ಒಂದು ಮಾತು ನೆನಪಿರಲಿ. ಇಂಥ ಕಾರಿನಲ್ಲಿ ಮುಂದಿನ ಚಕ್ರಗಳೇ ಎಳೆಯುತ್ತವೆ, ಅವೇ ತಿರುಗುತ್ತವೆ, ಬ್ರೇಕ್ ಹಾಕಿದಾಗ ಹೆಚ್ಚಿನ ಹೊರೆ ಹೊರುವುದೂ ಅವೇ. ಎಂಜಿನ್ನು ಗೇರ್‌ಬಾಕ್ಸಿನ ಭಾರ ಬೇರೆ ಮೇಲಿದೆ. ಹಾಗಾಗಿ ಮುಂದಿನ ಭಾಗಗಳು ಮೊದಲು ಸವೆಯುತ್ತವೆ. ಹಾಗಂತ ಹಿಂಭಾಗವನ್ನು ಮರೆಯುವ ಹಾಗಿಲ್ಲ.

ಕಾರಿನ ಕೆಳಗೆ ಕೈ ಹಾಕುವ ಮುಂಚೆ

ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಮೈಯ ಯಾವ ಭಾಗವನ್ನೂ ಹಾಕಬೇಡಿ. ಜಾಕ್ ಇರುವುದು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ಗಟ್ಟಿಯಾದ ಸಮತಟ್ಟು ನೆಲದಲ್ಲಿ, ಕಾರಿನ ಪುಸ್ತಕದಲ್ಲಿ ತೋರಿಸಿರುವ ಜಾಗದಲ್ಲೇ ಜಾಕ್ ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡ, ಅವು ಒಮ್ಮೆಲೇ ಪುಡಿಯಾಗುತ್ತವೆ.

ಹ್ಯಾಂಡ್ ಬ್ರೇಕ್ ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಮುಂಭಾಗ ಎತ್ತಿದಾಗ ಸರಿ. ಹಿಂಭಾಗ ಎತ್ತಿದರೆ ಆ ಹಿಡಿತವೇ ಗಾಳಿಯಲ್ಲಿ ಇರುತ್ತದೆ. ಆಗ ಕಾರನ್ನು ಗೇರಿನಲ್ಲಿಟ್ಟು (ಆಟೋಮ್ಯಾಟಿಕ್ ಆದರೆ ಪಾರ್ಕಿನಲ್ಲಿ), ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಲೇಬೇಕು.

ಇನ್ನೊಂದು: ಬಾನೆಟ್ ಒಳಗೆ ಶಾಕ್ಸ್ ನೆತ್ತಿಯ ಮೇಲೆ ಕಾಣುವ ನಡುವಿನ ದೊಡ್ಡ ನಟ್ ಬಿಚ್ಚುವ ಆಸೆ ಬೇಡ. ಅದರ ಕೆಳಗೆ ಸ್ಪ್ರಿಂಗ್ ಅದುಮಿಕೊಂಡು ಕೂತಿದೆ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಬಿಚ್ಚಿದರೆ ಜೀವಕ್ಕೇ ಅಪಾಯ. ಆ ಕೆಲಸ ತಿಳಿದವರಿಗೇ ಬಿಡಿ.

ಯಾವ ಲಕ್ಷಣವೇ ಇರಲಿ, ಮೊದಲು ಟೈರು

ಖರ್ಚಿಲ್ಲದ ಪರೀಕ್ಷೆ ಇದು. ಜನ ಬಿಟ್ಟುಬಿಡುವುದೂ ಇದನ್ನೇ. ಕಾರು ಓಡಿಸುವ ಮುಂಚೆ, ಟೈರು ತಣ್ಣಗಿದ್ದಾಗ ನಾಲ್ಕಕ್ಕೂ ಗಾಳಿ ನೋಡಿ. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಕಂಬದ ಚೀಟಿಯಲ್ಲಿ ಇರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ಅಂಕಿ ಅದರ ಗರಿಷ್ಠ ಮಿತಿ, ನೀವು ತುಂಬಿಸಬೇಕಾದ ಅಳತೆ ಅಲ್ಲ.

ಆಮೇಲೆ ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಸವರಿ. ಮೊದಲು ಒಳಗಿನಿಂದ ಹೊರಗೆ, ಆಮೇಲೆ ಹೊರಗಿನಿಂದ ಒಳಗೆ. ತಂತಿ ಗಿಂತಿ ಎದ್ದಿದೆಯಾ ಅಂತ ಮುಂಚೆ ಕಣ್ಣಲ್ಲಿ ನೋಡಿಕೊಳ್ಳಿ. ಒಂದು ಕಡೆಗೆ ನುಣ್ಣಗೆ ಜಾರಿ, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ಕೈಗೆ ತಗುಲಿದರೆ ಚಕ್ರಗಳು ನೇರ ನಿಂತಿಲ್ಲ, ಟೋ ತಪ್ಪಿದೆ ಅಂತ ಅರ್ಥ. ಟೈರಿನ ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಳ ಅಂಚು ಮಾತ್ರ ಬೋಳಾಗಿದ್ದರೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಅಥವಾ ಟೋ ತಪ್ಪಿದೆ, ಇಲ್ಲವೇ ಬುಷ್ (ಜೋಡಣೆಯ ಜಾಗದ ರಬ್ಬರ್) ಸವೆದು ಚಕ್ರ ವಾಲಿದೆ. ಅಲ್ಲಲ್ಲಿ ಬಟ್ಟಲು ಬಟ್ಟಲಾಗಿ ತಗ್ಗು ಬಿದ್ದಿದ್ದರೆ ಶಾಕ್ಸ್ ಸೋತಿರಬಹುದು ಅಥವಾ ಬ್ಯಾಲೆನ್ಸಿಂಗ್ ಹೋಗಿರಬಹುದು.

ಗೆರೆಗಳ ನಡುವೆ ಸಣ್ಣ ದಿಬ್ಬಗಳಿವೆಯಲ್ಲ, ರಬ್ಬರ್ ಸವೆದು ಅವುಗಳ ಸಮಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್ ಮಾತ್ರ. ಟೈರು ಬದಲಿಸಬೇಕು. ವಯಸ್ಸನ್ನೂ ನೋಡಿ. ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಪಕ್ಕದ ಗೋಡೆಯಲ್ಲಿ ಬುಗುಟು ಎದ್ದಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ಆ ಟೈರಲ್ಲಿ ಓಡಿಸಲೇಬಾರದು.

ಚಕ್ರದ ನಟ್ಟುಗಳು ಬಿಗಿಯಾಗಿವೆಯಾ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕ್, ಟೂಲ್ಸ್ ಸಡಿಲವಾಗಿ ಉರುಳುತ್ತಿವೆಯಾ ಅದನ್ನೂ ನೋಡಿ. ನಗಬೇಡಿ. ಸೀಟಿನ ಕೆಳಗಿನ ನೀರಿನ ಬಾಟಲಿಯನ್ನು ಬಾಲ್ ಜಾಯಿಂಟ್ (ಚಕ್ರದ ಹತ್ತಿರದ ಗುಂಡು ಕೀಲು) ಅಂದುಕೊಂಡು ಮೂರು ದಿನ ತಲೆಕೆಡಿಸಿಕೊಂಡವರು ನನಗೇ ಗೊತ್ತು.

ಕಾರು ಒಂದು ಕಡೆ ಎಳೆಯುತ್ತದೆ

ರಸ್ತೆ ನೀರು ಹರಿಯಲಿ ಅಂತ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತದೆ. ಹಾಗಾಗಿ ಅಂಚಿನ ಕಡೆಗೆ ನಿಧಾನಕ್ಕೆ ವಾಲುವುದು ದೋಷವೇ ಅಲ್ಲ. ಸಮತಟ್ಟಾದ ಖಾಲಿ ಜಾಗದಲ್ಲಿ ಕೈ ಹಗುರ ಮಾಡಿ ನೋಡಿದಾಗಲೂ ಎಳೆದರೆ ಆಗ ಹುಡುಕಬೇಕು.

ಗಾಳಿ ಸರಿಯಿದ್ದೂ ಎಳೆಯುತ್ತಿದ್ದರೆ ಮುಂದಿನ ಎರಡು ಚಕ್ರಗಳನ್ನು ಎಡಕ್ಕೂ ಬಲಕ್ಕೂ ಅದಲು ಬದಲು ಮಾಡಿ. ಒಂದೇ ದಿಕ್ಕಿಗೆ ತಿರುಗಬೇಕಾದ, ಬಾಣದ ಗುರುತಿರುವ ಟೈರಾದರೆ ಇದು ಬೇಡ. ಎಳೆತ ಈಗ ಇನ್ನೊಂದು ಕಡೆಗೆ ಹೋಯಿತೇ? ತಪ್ಪು ಟೈರಿನದು, ಅಲೈನ್‌ಮೆಂಟಿನದಲ್ಲ. ಬದಲಾಗದೆ ಹಾಗೇ ಉಳಿಯಿತೇ? ಮುಂದಕ್ಕೆ ಹೋಗೋಣ.

ಹತ್ತು ಹದಿನೈದು ನಿಮಿಷ ಓಡಿಸಿ, ಸಾಧ್ಯವಾದಷ್ಟು ಬ್ರೇಕ್ ಬಳಸದೆ ನಿಲ್ಲಿಸಿ. ಚಕ್ರದ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಕಾವು ಜಾಸ್ತಿ, ಸುಟ್ಟ ವಾಸನೆ ಇದ್ದರೆ ಆ ಕಡೆ ಬ್ರೇಕ್ ಕಚ್ಚಿಕೊಂಡಿದೆ. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ಜಾಮ್ ಆಗಿರಬಹುದು, ಅಥವಾ ಬ್ರೇಕ್ ಪೈಪ್ ಒಳಗೇ ಊದಿ ಮುಚ್ಚಿಕೊಂಡಿರಬಹುದು. ಇದನ್ನು ಮುಂದೂಡಬೇಡಿ.

ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಬ್ರೇಕ್ ಮೇಲೆ ಅನುಮಾನ. ಅದರ ಜೊತೆಗೆ ಒಂದು 'ದಢ್' ಕೇಳಿದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಹಿಂದಿನ ಬುಷ್ ಮೇಲೆ. ಇದನ್ನು ಪರೀಕ್ಷಿಸುವುದು ಸುಲಭ. ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಮುಂದೆ ಹೋಗಿ ಬ್ರೇಕ್ ಹಾಕಿ, ರಿವರ್ಸ್ ಹೋಗಿ ಬ್ರೇಕ್ ಹಾಕಿ. ದಿಕ್ಕು ಬದಲಾದಾಗಲೆಲ್ಲ ಒಂದೇ ಒಂದು ಸಲ ದಢ್ ಅಂದರೆ ಆರ್ಮ್ ಹಿಂದೆ ಮುಂದೆ ಜರುಗುತ್ತಿದೆ. ಎಂಜಿನ್ ಮೌಂಟ್ ಹರಿದಿದ್ದರೂ ಹೀಗೇ ಅನ್ನಬಹುದು. ಆದರೆ ಅದು ಕ್ಲಚ್ ಬಿಡುವಾಗ, ಆಕ್ಸಿಲರೇಟರ್ ಒತ್ತಿ ಬಿಡುವಾಗಲೂ ಹೊಡೆಯುತ್ತದೆ.

ಆ ಬುಷ್ ನೋಡುವುದು ಹೇಗೆ ಅಂದರೆ, ಕಾರು ಸ್ಟ್ಯಾಂಡ್ ಮೇಲಿದ್ದಾಗ ಟಾರ್ಚ್ ಬಿಡಿ. ಹಳೇ ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕು ಇದ್ದೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಬಿರುಕು ಬಾಯಿಬಿಟ್ಟು, ಸ್ಕ್ರೂಡ್ರೈವರ್ ತುದಿ ಒಳಗೆ ಹೋಗುವಷ್ಟು ಆಳವಿದ್ದರೆ, ನಡುವಿನ ಕಬ್ಬಿಣದಿಂದ ರಬ್ಬರ್ ಬಿಟ್ಟುಕೊಂಡಿದ್ದರೆ ಅದರ ಕಥೆ ಮುಗಿಯಿತು. ಕೆಲವು ಕಾರುಗಳಲ್ಲಿ ಬುಷ್ ಒಳಗೇ ದ್ರವ ತುಂಬಿರುತ್ತದೆ. ಸುತ್ತ ಕಪ್ಪಗೆ ಒದ್ದೆ ಕಂಡರೆ ಅದು ಒಡೆದಿದೆ.

ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಸ್ಟೀರಿಂಗ್ ಸ್ವಲ್ಪ ಒಂದು ಕಡೆ ಎಳೆಯುವುದು ಈ ಬಗೆಯ ಕಾರುಗಳ ಹುಟ್ಟುಗುಣ. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಎಡ ಬಲ ಡ್ರೈವ್ ಶಾಫ್ಟ್‌ಗಳ ಉದ್ದ ಬೇರೆ ಬೇರೆ ಇರುವುದೂ ಒಂದು ಕಾರಣ. ಮುಂಚೆ ಇಲ್ಲದ್ದು ಈಗ ಬಂದಿದೆ ಅಂದರೆ ಮಾತ್ರ ಬುಷ್, ಎಂಜಿನ್ ಮೌಂಟ್, ಎರಡು ಬಗೆಯ ಟೈರು ಹುಡುಕಿ.

ಗುಂಡಿ, ಹಂಪಿಗೆ ಟಕ್ ಟಕ್

ನನ್ನ ಕಥೆಯ ಜಾಗಕ್ಕೆ ಬಂದೆವು. ಸಣ್ಣ ಸಣ್ಣ ಏರುಪೇರಿನ ರಸ್ತೆಯಲ್ಲಿ, ನಿಧಾನಕ್ಕೆ ಹೋಗುವಾಗ ಡಬ್ಬಿಯಲ್ಲಿ ಕಲ್ಲು ಕುಲುಕಿದ ಹಾಗೆ ಸದ್ದು ಬಂದರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ, ಎರಡನೆಯದು ಸ್ಟೆಬಿಲೈಜರ್ ಬಾರ್ ಹಿಡಿದಿರುವ ರಬ್ಬರ್ ಬುಷ್ ಮೇಲೆ. ಎರಡೂ ಶಾಕ್ಸಿಗಿಂತ ತುಂಬಾ ಅಗ್ಗ, ಕೆಲಸವೂ ಕಮ್ಮಿ.

ಲಿಂಕ್ ರಾಡನ್ನು ಅಲ್ಲಾಡಿಸಿ ನೋಡುವಾಗ ಮುಂದಿನ ಎರಡೂ ಚಕ್ರ ಒಂದೇ ಎತ್ತರದಲ್ಲಿರಬೇಕು. ಎರಡೂ ನೆಲದ ಮೇಲೆ, ಇಲ್ಲವೇ ಎರಡೂ ಗಾಳಿಯಲ್ಲಿ. ಒಂದೇ ಚಕ್ರ ಎತ್ತಿದರೆ ಬಾರ್ ತಿರುಚಿಕೊಂಡು ಜಾಯಿಂಟನ್ನು ಬಿಗಿಯಾಗಿ ಅದುಮುತ್ತದೆ. ಸವೆದ ಜಾಯಿಂಟ್ ಕೂಡ ಆಗ ಗಟ್ಟಿಮುಟ್ಟಾಗಿ ಕಾಣುತ್ತದೆ. ಹೀಗೆ ಒಂದೇ ಕಡೆ ಎತ್ತಿ ನೋಡಿಯೇ ಎಷ್ಟೋ ಸಲ ಅದನ್ನು ಪಾಸ್ ಮಾಡಿ ಕಳಿಸುತ್ತಾರೆ.

ಕೈಗೆ ಗೊತ್ತಾಗದಿದ್ದರೆ ಎರಡೂ ಕಡೆಯ ಲಿಂಕ್ ರಾಡ್ ಪೂರ್ತಿ ತೆಗೆದು, ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಬಹುದು. ಸದ್ದು ನಿಂತರೆ ಕಳ್ಳ ಸಿಕ್ಕಿಬಿದ್ದ. ತಿರುವಿನಲ್ಲಿ ಕಾರು ಜಾಸ್ತಿ ವಾಲುತ್ತದೆ, ಹಾಗಾಗಿ ಇದು ಪರೀಕ್ಷೆಗೆ ಮಾತ್ರ.

ದೊಡ್ಡ ಗುಂಡಿಗೆ ಬಿದ್ದಾಗ ಮಾತ್ರ ಒಂದು ಭಾರಿ ಏಟು ಕೇಳಿದರೆ ಬೇರೆ ಲೆಕ್ಕ. ಸೋತ ಶಾಕ್ಸ್, ಪುಡಿಯಾದ ಬಂಪ್ ಸ್ಟಾಪ್ (ಶಾಕ್ಸ್ ತಳ ಮುಟ್ಟದಂತೆ ತಡೆಯುವ ಮೆತ್ತೆ) ಅಥವಾ ಹರಿದ ಸ್ಟ್ರಟ್ ಮೌಂಟ್ (ಶಾಕ್ಸಿನ ನೆತ್ತಿಯನ್ನು ಬಾಡಿಗೆ ಹಿಡಿದಿಡುವ ರಬ್ಬರ್ ಜೋಡಣೆ) ಇರಬಹುದು. ಸದ್ದು ಹಿಂದಿನಿಂದ ಅನ್ನಿಸಿದರೆ ಹಿಂದಿನ ಶಾಕ್ಸಿನ ಮೇಲಿನ ರಬ್ಬರನ್ನು ನೋಡಿ, ಆಮೇಲೆ ಹಿಂದಿನ ಎರಡು ಚಕ್ರಗಳನ್ನು ಸೇರಿಸುವ ಬೀಮಿನ ಎರಡು ದೊಡ್ಡ ಬುಷ್‌ಗಳನ್ನು. ಈ ಬುಷ್ ಹೋದರೆ ಇನ್ನೊಂದು ಗುರುತೂ ಇದೆ. ವೇಗದಲ್ಲಿ ಲೇನ್ ಬದಲಿಸಿದಾಗ ಮೂತಿ ತಿರುಗಿದ ಮೇಲೆ ಬಾಲ ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತದೆ.

ತಿರುಗಿಸುವಾಗ ಸದ್ದು

ಸ್ಟೀರಿಂಗ್ ಪೂರ್ತಿ ತಿರುಗಿಸಿ ಖಾಲಿ ಮೈದಾನದಲ್ಲಿ ನಿಧಾನಕ್ಕೆ ಸುತ್ತು ಹೊಡೆಯಿರಿ, ಸ್ವಲ್ಪ ಆಕ್ಸಿಲರೇಟರ್ ಕೊಡಿ. ಚಕ್ರದ ವೇಗಕ್ಕೆ ತಾಳ ಹಾಕಿದ ಹಾಗೆ ಕಟ ಕಟ ಕಟ ಅಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ಎರಡೂ ದಿಕ್ಕಿಗೆ ಮಾಡಿ ನೋಡಿ. ಯಾವ ಕಡೆಯದು ಅನ್ನುವುದನ್ನು ಕಿವಿಗಿಂತ ಕಣ್ಣು ಚೆನ್ನಾಗಿ ಹೇಳುತ್ತದೆ. ಮುಂದಿನ ಚಕ್ರದ ಹಿಂದೆ ಬಗ್ಗಿ, ಪುಟ್ಟ ಹಾರ್ಮೋನಿಯಂ ತಿದಿಯಂತೆ ಮಡಿಕೆ ಇರುವ ರಬ್ಬರ್ ಬೂಟ್ ನೋಡಿ. ಅದು ಸೀಳಿದ್ದರೆ ಚಕ್ರದ ಒಳಮೈಗೆಲ್ಲ ಕಪ್ಪು ಗ್ರೀಸ್ ಸಿಡಿದು ಅಂಟಿರುತ್ತದೆ. ಬೂಟ್ ಈಗಷ್ಟೇ ಹರಿದಿದ್ದು ಸದ್ದು ಇನ್ನೂ ಬಂದಿಲ್ಲ ಅಂದರೆ ನಿಮ್ಮ ಅದೃಷ್ಟ: ಶುಚಿ ಮಾಡಿ, ಹೊಸ ಗ್ರೀಸ್ ತುಂಬಿ, ಬೂಟ್ ಮಾತ್ರ ಬದಲಿಸಿದರೆ ಸಾಕಾಗಬಹುದು. ಕಟ ಕಟ ಶುರುವಾದ ಮೇಲೆ ಗ್ರೀಸ್ ತುಂಬಿ ಪ್ರಯೋಜನವಿಲ್ಲ.

ನಿಂತಲ್ಲೇ ತಿರುಗಿಸಿದಾಗ 'ಟೊಂಯ್' ಅಂತ ಸ್ಪ್ರಿಂಗ್ ಜಿಗಿದ ಸದ್ದು ಬಂದರೆ ಸ್ಟ್ರಟ್ ಮೌಂಟಿನ ಬೇರಿಂಗ್ ಕಚ್ಚುತ್ತಿದೆ. ಒಬ್ಬರು ಸ್ಟೀರಿಂಗ್ ತಿರುಗಿಸಲಿ. ನೀವು ಬಾನೆಟ್ ತೆರೆದು ಸ್ಟ್ರಟ್ ನೆತ್ತಿಯ ಮೇಲೆ ಅಂಗೈ ಇಡಿ. ನುಣ್ಣಗೆ ತಿರುಗುವ ಬದಲು ತಡೆದು ತಡೆದು ಜಿಗಿಯುವುದು ಕೈಗೆ ತಿಳಿಯುತ್ತದೆ. ಸ್ಪ್ರಿಂಗ್ ಸುತ್ತುಗಳ ನಡುವೆ ಮಾತ್ರ ಬೆರಳು ತೂರಿಸಬೇಡಿ. ಈ ಬೇರಿಂಗ್ ಜಾಮ್ ಆದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದೂ ಕಮ್ಮಿಯಾಗುತ್ತದೆ.

ನಡುಕ

80ರಿಂದ 100 ಕಿಲೋಮೀಟರ್ ವೇಗದ ಆಸುಪಾಸಿನಲ್ಲಿ ನಡುಗಿ, ಅದು ದಾಟಿದರೆ ಕಮ್ಮಿಯಾದರೆ ಸಾಮಾನ್ಯವಾಗಿ ಬ್ಯಾಲೆನ್ಸಿಂಗ್. ಕೈಗೆ ಸ್ಟೀರಿಂಗಿನಲ್ಲಿ ಗೊತ್ತಾದರೆ ಮುಂದಿನ ಚಕ್ರ, ಸೀಟಿನಲ್ಲಿ ಗೊತ್ತಾದರೆ ಹಿಂದಿನದು. ರಿಮ್ ಒಳಗೆ ಒಣಗಿದ ಕೆಸರಿನ ಗಡ್ಡೆ ಅಂಟಿದ್ದರೂ ಸಾಕು, ಹೀಗಾಗುತ್ತದೆ. ಮೊದಲು ತೊಳೆದು ನೋಡಿ. ಬ್ರೇಕ್ ಹಾಕಿದಾಗ ಮಾತ್ರ ನಡುಗಿದರೆ ಡಿಸ್ಕ್ ದಪ್ಪ ಒಂದೇ ಸಮ ಇಲ್ಲ. ಏರು ಹತ್ತುವಾಗ, ಆಕ್ಸಿಲರೇಟರ್ ಒತ್ತಿದಾಗ ನಡುಗಿ, ಕಾಲು ತೆಗೆದ ತಕ್ಷಣ ನಿಂತರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ನೋಡಿಸಿ.

ವೇಗದ ಜೊತೆ ಏರುವ ಗುಂಯ್

ಇಲ್ಲಿ ಇಬ್ಬರು ಆರೋಪಿಗಳು: ಟೈರು ಮತ್ತು ಚಕ್ರ ಸಲೀಸಾಗಿ ತಿರುಗಲು ಇರುವ ಹಬ್ ಬೇರಿಂಗ್. ರಸ್ತೆಯ ಮೇಲ್ಮೈ ಬದಲಾದಾಗ ಸದ್ದಿನ ಬಣ್ಣವೂ ಬದಲಾದರೆ ಟೈರು. ಬದಲಾಗದೆ ಒಂದೇ ಸಮ ಗುಂಯ್‌ಗುಟ್ಟಿದರೆ ಬೇರಿಂಗ್. ಖಾಲಿ ರಸ್ತೆಯಲ್ಲಿ ಉದ್ದದ ತಿರುವು ಸಿಕ್ಕಾಗ ಗಮನಿಸಿ. ಕಾರು ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಕ್ಕೆ ಹೋಗುತ್ತದೆ. ಆಗ ಸದ್ದು ಜಾಸ್ತಿಯಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್, ಉಲ್ಟಾ ಆದರೆ ಎಡಗಡೆಯದು. ಎತ್ತಿದ ಚಕ್ರವನ್ನು ನ್ಯೂಟ್ರಲಿನಲ್ಲಿ ಕೈಯಿಂದ ತಿರುಗಿಸುತ್ತಾ ಸ್ಪ್ರಿಂಗ್ ಹೊರಮೈ ಮೇಲೆ ಇನ್ನೊಂದು ಕೈ ಹಗುರವಾಗಿ ಇಟ್ಟರೆ, ಮರಳು ಅರೆದಂಥ ಕಂಪನ ಬೆರಳಿಗೆ ಸಿಗುತ್ತದೆ.

ಕಾರು ಕುಣಿಯುತ್ತದೆ, ತೇಲುತ್ತದೆ, ವಾಲಿದೆ

ಒಂದು ಮೂಲೆಯನ್ನು ಮೂರು ನಾಲ್ಕು ಸಲ ಒತ್ತಿ ಬಿಡಿ. ಮೇಲೆ ಬಂದು ಒಂದೂವರೆ ಕುಣಿತದೊಳಗೆ ನಿಲ್ಲಬೇಕು. ಅದಕ್ಕಿಂತ ಜಾಸ್ತಿ ಕುಣಿದರೆ ಶಾಕ್ಸ್ ಸೋತಿದೆ. ಆದರೆ ಈ ಪರೀಕ್ಷೆಯಲ್ಲಿ ಪಾಸಾಯಿತು ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲ್ಲ. ಅರ್ಧ ಸೋತ ಶಾಕ್ಸ್ ಕೂಡ ನಿಂತಲ್ಲಿ ಸರಿಯಾಗೇ ವರ್ತಿಸುತ್ತದೆ. ಮೈಮೇಲೆ ತೆಳು ಎಣ್ಣೆ ಪಸೆಗೆ ಧೂಳು ಹತ್ತಿದ್ದರೆ ಚಿಂತೆಯಿಲ್ಲ. ಎಣ್ಣೆ ಇಳಿದು ತೊಟ್ಟಿಕ್ಕುತ್ತಿದ್ದರೆ ಬದಲಿಸಿ, ಎಡ ಬಲ ಜೋಡಿಯಾಗಿಯೇ.

ಕಾರು ಒಂದು ಕಡೆ ತಗ್ಗಿದ ಹಾಗಿದ್ದರೆ ಟೇಪ್ ತನ್ನಿ. ಸಮತಟ್ಟು ನೆಲದಲ್ಲಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎಡ ಬಲ ಅಳೆಯಿರಿ. ಒಂದು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಸ್ಪ್ರಿಂಗ್ ನೋಡಿ, ಅದರಲ್ಲೂ ಕೆಳಗಿನ ಕೊನೆಯ ಸುತ್ತು. ತುಕ್ಕು ಹಿಡಿದು ಮುರಿಯುವುದು ಹೆಚ್ಚಾಗಿ ಅಲ್ಲೇ. ಮುರಿದ ತುದಿ ಜಾರಿ ಟೈರನ್ನು ಸೀಳಬಹುದು.

ಸ್ಟೀರಿಂಗ್ ಸಡಿಲ: ಚಕ್ರ ಹಿಡಿದು ನೋಡುವ ಪರೀಕ್ಷೆ

ನೇರ ಹೋಗುವಾಗಲೂ ಸ್ಟೀರಿಂಗನ್ನು ಆಗಾಗ ತಿದ್ದುತ್ತಲೇ ಇರಬೇಕಾಗಿದೆಯಾ? ಕಾರು ನೆಲದ ಮೇಲೇ ಇರಲಿ. ಒಬ್ಬರು ಸ್ಟೀರಿಂಗನ್ನು ಎಡ ಬಲ ಎರಡೆರಡು ಬೆರಳಷ್ಟು ಬೇಗ ಬೇಗ ಆಡಿಸಲಿ. ನೀವು ಪಕ್ಕದಿಂದ ಕೈ ಚಾಚಿ ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡ್ ಜಾಯಿಂಟನ್ನು ಹಿಡಿದುಕೊಳ್ಳಿ. ಸವೆದಿದ್ದರೆ ಚಕ್ರ ಅಲುಗುವ ಮುಂಚೆಯೇ ಬೆರಳಿನೊಳಗೆ ಒಂದು ಸಣ್ಣ ಟಿಕ್ ಸಿಗುತ್ತದೆ.

ಆಮೇಲೆ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ (ಸಡಿಲು) ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. 3 ಮತ್ತು 9ರಲ್ಲಿ ಮಾತ್ರ ಆಟ ಇದ್ದರೆ ಟೈ ರಾಡ್ ಅಥವಾ ಸ್ಟೀರಿಂಗ್ ರ‍್ಯಾಕ್. ಎರಡೂ ಕಡೆ ಇದ್ದರೆ ಬೇರಿಂಗ್ ಕಡೆ ಒಲವು. ಖಚಿತ ಮಾಡಿಕೊಳ್ಳಲು ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಜಾಯಿಂಟ್.

ಸ್ಟೀರಿಂಗ್ ಭಾರವಾಗಿದ್ದರೆ ಮೊದಲು ಟೈರಿನ ಗಾಳಿ, ಆಮೇಲೆ ಪವರ್ ಸ್ಟೀರಿಂಗ್ ಎಣ್ಣೆ ಮತ್ತು ಬೆಲ್ಟ್. ಎಲೆಕ್ಟ್ರಿಕ್ ಸ್ಟೀರಿಂಗ್ ಆದರೆ ಬ್ಯಾಟರಿ ಮತ್ತು ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ.

ಇಲ್ಲಿಗೆ ನಿಲ್ಲಿಸಿ

ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡಿನಲ್ಲಿ ಕಣ್ಣಿಗೆ ಕಾಣುವ ಆಟ, ಮುರಿದ ಸ್ಪ್ರಿಂಗ್, ಆಟವೂ ಗರಗರ ಸದ್ದೂ ಎರಡೂ ಇರುವ ಬೇರಿಂಗ್, ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುವ ಸ್ಟೀರಿಂಗ್, ಕಾವೇರುತ್ತಿರುವ ಬ್ರೇಕ್. ಇವುಗಳಲ್ಲಿ ಯಾವುದೇ ಕಂಡರೂ ಗ್ಯಾರೇಜಿನ ತನಕ ನಿಧಾನಕ್ಕೆ ಓಡಿಸಿಕೊಂಡು ಹೋಗೋಣ ಅನ್ನಬೇಡಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಹೊರಗೆ ಮಗುಚಿಕೊಳ್ಳುತ್ತದೆ, ಆಗ ಸ್ಟೀರಿಂಗ್ ನಿಮ್ಮ ಮಾತು ಕೇಳುವುದಿಲ್ಲ. ಲಾರಿ ಮೇಲೆ ಹೇರಿಸಿ ಕಳಿಸಿ. ಎಳೆಸುವುದೇ ಆದರೆ ಮುಂದಿನ ಚಕ್ರಗಳು ಮೇಲಿರಬೇಕು.

ರಿಪೇರಿ ಮಾಡಿಸುವಾಗ

ಅಲೈನ್‌ಮೆಂಟ್ ಕೊನೆಯ ಕೆಲಸ. ಸವೆದ ಬುಷ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಅಂಕಿ ಮೆಷಿನ್ ಮೇಲೆ ಮಾತ್ರ ಸರಿ ಇರುತ್ತದೆ. ಹಿಂದಿನ ಚಕ್ರಗಳ ಅಂಕಿಯನ್ನೂ ಕೇಳಿ ತೆಗೆದುಕೊಳ್ಳಿ. ಬೀಮ್ ಇರುವ ಕಾರುಗಳಲ್ಲಿ ಹೆಚ್ಚಾಗಿ ಅದನ್ನು ತಿದ್ದಲು ಬರುವುದಿಲ್ಲ. ಅಂಕಿ ತಪ್ಪಿದ್ದರೆ ಏನೋ ಬಾಗಿದೆ ಅಥವಾ ಬುಷ್ ಹೋಗಿದೆ.

ಲೋವರ್ ಆರ್ಮ್ ಬುಷ್ ಹೊಸದು ಹಾಕಿದರೆ ಅದರ ಬೋಲ್ಟನ್ನು ಕೊನೆಯ ಬಿಗಿ ಮಾಡುವುದು ಕಾರಿನ ಭಾರ ಚಕ್ರದ ಮೇಲೆ ಕೂತ ನಂತರ. ಚಕ್ರ ಜೋತಾಡುತ್ತಿರುವಾಗಲೇ ಬಿಗಿ ಮಾಡಿದರೆ, ಕಾರು ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಮೆಕ್ಯಾನಿಕ್‌ಗೆ ಇದನ್ನು ಮುಂಚೆಯೇ ಹೇಳಿ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಚಕ್ರ ಬಿಚ್ಚಿ ಹಾಕಿದ್ದರೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿ. ಆಮೇಲೆ ಆ ಹಳೇ ಚೀಟಿ ತೆಗೆದು, ಸದ್ದು ಬರುತ್ತಿದ್ದ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ, ರೇಡಿಯೋ ಆಫ್ ಮಾಡಿ, ಕಿಟಕಿ ಇಳಿಸಿಕೊಂಡು ಹೋಗಿ ಬನ್ನಿ.